ಐದನೇ ಫೌಲು

ಆಗಸ್ಟ್ 11, ಬೆಳಗ್ಗೆ
ಕಾಲೇಜು ತಂಡದ ಹನ್ನೆರಡು ಜೆರ್ಸಿ ಒಗೆದು, ಸ್ಪೋರ್ಟ್ಸ್ ರೂಮಿನ ಹಿಂದೆ ಒಣಹಾಕಿದೆ. ಎರಡು ಚೆಂಡಿನಲ್ಲಿ ಗಾಳಿ ನಿಲ್ಲುತ್ತಿಲ್ಲ. ನಾಡಿದ್ದಿನಿಂದ ಬಾಸ್ಕೆಟ್‌ಬಾಲ್ ಪಂದ್ಯಗಳು. ಈ ಸಲವೂ ಸ್ಕೋರ್ ಬರೆಯುವುದು ನಾನೇ ಅಂತೆ. ಮಗನಿಗೆ ಕಾಲೇಜಿನ ಕೊನೆಯ ವರ್ಷ. ಹೊರಡುವಾಗ ಹೇಳಿದ, "ಅಲ್ಲಿ ನೀವು ಸ್ಕೋರರ್, ನಾನು ಒಂಬತ್ತನೇ ನಂಬರ್. ಅಷ್ಟೇ."
ಸರಿ ಎಂದೆ. ಅವನಮ್ಮ ಇದ್ದಿದ್ದರೆ ನಗುತ್ತಿದ್ದಳು. ಅವಳು ತೀರಿಕೊಂಡು ಏಳು ತಿಂಗಳು. ನಮ್ಮಿಬ್ಬರ ಮಾತೆಲ್ಲ ಅವಳ ಮೂಲಕವೇ ನಡೆಯುತ್ತಿತ್ತು ಎಂದು ಈಗ ತಿಳಿಯುತ್ತಿದೆ...

ಆಗಸ್ಟ್ 13
ಗೆದ್ದೆವು. 61–54. ಆರನೇ ನಂಬರಿನ ಗಿಡ್ಡ, ಮಗನ ಗೆಳೆಯ, ಮೇಜಿಗೆ ಬಂದ. "ಅಂಕಲ್, ನಂಗಿನ್ನೆರಡು ಪಾಯಿಂಟ್ ಸೇರ್ಸಿ. ಮಗನಿಗೆ ಹೆಂಗಿದ್ರೂ ಬರ್ದಿರ್ತೀರ!"
ತಮಾಷೆಗೆ. ಎದುರು ತಂಡದ ಕೋಚ್ ಕೇಳಿಸಿಕೊಂಡರು. "ಬರೆಯೋರು ಆಟಗಾರನ ಅಪ್ಪನಾ? ಹಾಗಾದ್ರೆ ನಾವ್ಯಾಕೆ ಬಂದ್ವಿ ಸ್ವಾಮಿ?"
ಎಲ್ಲರೂ ನಕ್ಕರು. ಸ್ಕೋರ್ ಹಾಳೆ ಮೂರು ಸಲ ತಾಳೆ ನೋಡಿದೆ.

ಆಗಸ್ಟ್ 30
ಐದರಲ್ಲಿ ನಾಲ್ಕು ಗೆಲುವು. ಮಗನ ಫೌಲುಗಳನ್ನು ಉಳಿದವರದಕ್ಕಿಂತ ಒತ್ತಿ ಬರೆಯುತ್ತೇನಂತೆ. ಗಿಡ್ಡ ಕಂಡುಹಿಡಿದ. "ಹಾಳೆ ತೂತಾಗತ್ತೆ ಅಂಕಲ್. ಏನ್ ಸಿಟ್ಟು ಅವನ ಮೇಲೆ?"

ಸೆಪ್ಟೆಂಬರ್ 19, ಸಂಜೆ
ಸೆಮಿಫೈನಲ್. ಎರಡು ನಿಮಿಷ ಬಾಕಿ. ಮೂರು ಪಾಯಿಂಟ್ ಮುಂದಿದ್ದೆವು. ಮಗನಿಗೆ ನಾಲ್ಕು ಫೌಲು — ಇನ್ನೊಂದಾದರೆ ಆಟದಿಂದ ಹೊರಗೆ.
ಬುಟ್ಟಿಯ ಕೆಳಗೆ ಮೂವರು ಜಿಗಿದರು. ಎದುರಾಳಿಯ ಮುಂಗೈಗೆ ಹೊಡೆದದ್ದು ಗಿಡ್ಡ. ಕಣ್ಣಾರೆ ಕಂಡೆ. ರೆಫರಿ ನನ್ನ ಕಡೆ ತಿರುಗಿ ಬೆರಳೆತ್ತಿದರು. ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಒಂಬತ್ತು — ಮಗನ ನಂಬರ್.
ರೆಫರಿಯನ್ನು ಕರೆದು, ನಂಬರ್ ಸರಿಯಾ ಎಂದು ಕೇಳಬಹುದಿತ್ತು. ಬೇರೆ ಹುಡುಗರಿಗಾಗಿ ಈ ವರ್ಷವೇ ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಅವರು ತಿದ್ದಿಕೊಂಡಿದ್ದರು.
ಮಗ ಓಡಿ ಬಂದ. "ಅಪ್ಪಾ, ನೀವ್ ನೋಡಿದ್ರಲ್ಲ?"
ಕೋರ್ಟಿನಲ್ಲಿ ಅಪ್ಪ ಎಂದದ್ದು ಅದೇ ಮೊದಲು.
"ಒಂಬತ್ತನೇ ನಂಬರ್, ಐದಾಯ್ತು," ಎಂದೆ. ತಲೆ ಎತ್ತದೆ.
ಎರಡು ಪಾಯಿಂಟಿನಲ್ಲಿ ಸೋತೆವು. ಸೀಸನ್ ಮುಗಿಯಿತು.

ಸೆಪ್ಟೆಂಬರ್ 20
ನಮ್ಮ ಕೋಚ್ ಬೆನ್ನು ತಟ್ಟಿದರು. "ಸ್ವಂತ ಮಗ ಅಂತ ನೋಡ್ಲಿಲ್ಲ ನೀವು. ಮೆಚ್ಚಬೇಕು ಕಣ್ರೀ."
ಸ್ಕೋರ್ ಹಾಳೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅಕ್ಟೋಬರ್ 8
ಮಗ ಊಟ ಮಾಡುತ್ತಾನೆ, ತಟ್ಟೆ ತೊಳೆದಿಡುತ್ತಾನೆ, ಹೋಗುತ್ತಾನೆ.
ಮಧ್ಯಾಹ್ನ ಗಿಡ್ಡ ಸ್ಪೋರ್ಟ್ಸ್ ರೂಮಿಗೆ ಬಂದ. "ಆ ಫೌಲು ನಂದು ಅಂಕಲ್. ಅವತ್ತೇ ಕೈ ಎತ್ತಬೇಕಿತ್ತು, ಧೈರ್ಯ ಬರ್ಲಿಲ್ಲ. ಮಾರನೇ ದಿನ ಅವನಿಗೆ ಹೇಳ್ದೆ. ಹಿಗ್ಗಾಮುಗ್ಗಾ ಬೈದ. ಆಮೇಲೆ ನನ್ ಸೈಕಲ್‌ನಲ್ಲೇ ಹಿಂದೆ ಕೂತ್ಕೊಂಡು ಬಂದ."
ಚೆಂಡುಗಳನ್ನು ಎಣಿಸುತ್ತಾ ನಿಂತೆ. ಲೆಕ್ಕ ತಪ್ಪಿತು.

ಅಕ್ಟೋಬರ್ 9, ಬೆಳಗ್ಗೆ ಆರೂವರೆ
ಮಗ ಮೆಟ್ಟಿಲ ಮೇಲೆ ಕುಳಿತು ಶೂ ಒರೆಸುತ್ತಿದ್ದ. ಹಿಂದೆ ನಿಂತುಕೊಂಡೇ ಹೇಳಿದೆ, "ಹೊಡೆದದ್ದು ಗಿಡ್ಡ. ನಾನು ನೋಡಿದ್ದೆ."
ಒರೆಸುತ್ತಿದ್ದ ಕೈ ನಿಂತಿತು. "ಗೊತ್ತು. ನೀವು ತಲೆ ಎತ್ತಲಿಲ್ವಲ್ಲ, ಆಗ್ಲೇ ಗೊತ್ತಾಯ್ತು."
"ಜನ ಏನಂತಾರೋ ಅಂತ..."
"ಜನರಿಗೆ ಒಳ್ಳೇರಾದ್ರಿ ಬಿಡಿ. ನನಗೆ?"
ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹಾಳೆಯ ಮೇಲಾದರೆ ಮಾತು ಸಲೀಸು. ತಪ್ಪಾಯಿತು. ನಿನ್ನ ಕೊನೆಯ ವರ್ಷ, ನಾನೇ...
ಹಿಂದೆಯೇ ಬಂದಿದ್ದಾನೆ. ಬಾಗಿಲಲ್ಲಿ ನಿಂತಿದ್ದಾನೆ. "ಬರ್ದಿದ್ದು ಸಾಕು ಅಪ್ಪಾ. ಬಾಯಲ್ಲಿ ಹೇಳಿ," ಅನ್ನುತ್ತಿದ್ದಾನೆ. ಏಳುತ್ತೇನೆ. ಅವನಿಗೆ ಬಾಯಲ್ಲೇ...