ಕೂಡಿದ ಬೆರಳು

ಅಳದಂಗಡಿ, ೧೯೬೩

ಅಪ್ಪಾ,

ಕಾಲ್ಬೆರಳು ಕೂಡಿದವರನ್ನು ಹುಡುಕುತ್ತ ಇವತ್ತು ಮೈಸೂರಿನ ಪ್ರೊಫೆಸರರೊಬ್ಬರು ಮನೆಗೆ ಬಂದಿದ್ದರು. ಇಂಥ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದು ಬರುತ್ತವೆ ಎಂಬುದು ಅವರ ಸಂಶೋಧನೆ. ನಿಮ್ಮ ಬೆರಳುಗಳ ಹಾಗೆಯೇ ಕೂಡಿಕೊಂಡಿರುವ ನನ್ನ ಬೆರಳುಗಳನ್ನು ನೋಡಿ, "ನಿಮ್ಮ ಕುಟುಂಬದಲ್ಲಿ ಇನ್ಯಾರಿಗಿದೆ?" ಎಂದು ಕೇಳಿದರು.

"ಯಾರಿಗೂ ಇಲ್ಲ" ಎಂದರು ಸೋದರಮಾವ.

ಮಾವ ಸುಳ್ಳು ಹೇಳಲಿಲ್ಲ. ಅಳಿಯಸಂತಾನದ ಮನೆಯಲ್ಲಿ ಕುಟುಂಬವೆಂದರೆ ಅಮ್ಮನ ಕಡೆಯವರು. ಸಾಯುವವರೆಗೆ ಇದೇ ಮನೆಯ ಗದ್ದೆ ಉತ್ತರೂ ನೀವು ನೆಂಟರು.

ಪ್ರೊಫೆಸರರು ನನ್ನ ಮುಖ ನೋಡಿದರು. ಅವರ ಪ್ರಶ್ನೆಯಲ್ಲಿ ನೀವೂ ಸೇರಿದ್ದೀರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಹೌದು ಸಾರ್, ಯಾರಿಗೂ ಇಲ್ಲ" ಎಂದೆ.

ಅವರ ಮುಖ ಅರಳಿತು. "ಹಾಗಾದರೆ ಇದು ನಿನ್ನಲ್ಲೇ ಹೊಸದಾಗಿ ಹುಟ್ಟಿದ ಗುಣ. ಬಹಳ ಅಪರೂಪ!" ಎಂದರು. ನಾನು ಸೀರೆಯ ಅಂಚು ಎಳೆದು ಪಾದ ಮುಚ್ಚಿಕೊಂಡೆ.

ಅವರು ಹೋದ ಮೇಲೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಮಾವ ಆಚೆ ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದಳು: "ಅಪ್ಪನದ್ದೇ ಬೆರಳು ಅಂತ ಹೇಳಿದ್ದೀಯಲ್ಲ, ಮಗಾ?"

"ಹೇಳಿದ್ದೇನೆ" ಎಂದೆ.

ಅವಳಿಗೆ ಎಷ್ಟು ಸಂತೋಷವಾಯಿತು ಎಂದು ನಿಮಗೆ ಹೇಳಲಿಕ್ಕೆ ನನ್ನಿಂದಾಗುವುದಿಲ್ಲ, ಅಪ್ಪಾ.