ಪಂಚಮಿಗೆ ಅಡ್ಡ ನಿಂತ ಮೀನಿನ ತೊಟ್ಟಿ

ಶಹಾಪುರ
೧೮ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ಅಪ್ಪಾಜಿ,

ನಾನು ಕೂಡಿಸಿದ ಪೈಪಿನ ಒಂದೇ ಒಂದು ಜೋಡಣೆಯೂ ಸೋರಿಲ್ಲ, ಇವತ್ತಿಗೆ ಹನ್ನೆರಡು ದಿನ!

ಈಗ ಕ್ಷೇಮ ಸಮಾಚಾರ. ನಿಮ್ಮ ಮೊಣಕಾಲು ಹೇಗಿದೆ? ಅಂಗಡಿಯ ಅಟ್ಟದಿಂದ ಪೈಪು ಇಳಿಸಲು ನೀವೇ ಏಣಿ ಹತ್ತುತ್ತೀರಂತೆ, ಅವ್ವ ಹೇಳಿದಳು. ಹತ್ತಬೇಡಿ. ಅವಳ ಬಿಪಿ ಮಾತ್ರೆ ತಪ್ಪುತ್ತಿಲ್ಲ ತಾನೆ? ಫೋನಿನಲ್ಲಿ ಕೇಳಿದರೆ ನೀವು ‘ಹಾಂ, ಆರಾಮ’ ಎಂದಷ್ಟೇ ಹೇಳಿ ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ, ಅದಕ್ಕೇ ಪತ್ರ. ಇಂಗ್ಲಿಷ್ ಮೀಡಿಯಮ್ ಹುಡುಗಿಯ ಕನ್ನಡ, ಒತ್ತಕ್ಷರ ತಪ್ಪಿದ್ದರೆ ನಕ್ಕು ಮುಂದೆ ಓದಿ.

ನಮ್ಮ ಪಡಸಾಲೆಯ ಮೀನಿನ ತೊಟ್ಟಿ ನೆನಪಿದೆಯಲ್ಲ? ನಿಮ್ಮ ಅಳಿಯ ಬಸವಕುಮಾರ ಮದುವೆಗೆ ಮೊದಲೇ ತಂದು ಸಾಕುತ್ತಿರುವ ಸಂಸಾರ ಅದು. ಮೇಲೆ ಗಾಜಿನ ತೊಟ್ಟಿ, ಕೆಳಗಿನ ಕಪಾಟಿನಲ್ಲಿ ನೀರು ಸೋಸುವ ಪೆಟ್ಟಿಗೆ. ನೀರು ಒಂದು ಮೆತ್ತನೆಯ ಪೈಪಿನಲ್ಲಿ ಕೆಳಗಿಳಿಯುತ್ತದೆ, ಮೋಟರು ಅದನ್ನು ಇನ್ನೊಂದರಲ್ಲಿ ಮೇಲಕ್ಕೆ ಎತ್ತುತ್ತದೆ. ಆ ಮೆತ್ತನೆಯ ಪೈಪುಗಳು ಎರಡು ದಿನಕ್ಕೊಮ್ಮೆ ಜಾರಿ ಕಳಚಿ, ಪಡಸಾಲೆ ತುಂಬ ನೀರು. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆದುವಾದ ಮೇಲೆ ತುರುಕಬೇಕೆಂಬುದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು, ನಿಮ್ಮ ಅಂಗಡಿಯ ವಿದ್ಯೆ. ಮೊದಲ ಸಲ ಮಾಡಿ ತೋರಿಸಿದಾಗ ಎಷ್ಟು ಬೀಗಿದ್ದೆ ಗೊತ್ತೆ? ಅದೇ ನನಗೆ ಮುಳುವಾಯಿತು. ನೀವು ಆಷಾಢಕ್ಕೆ ಕರೆಯಲು ಫೋನು ಮಾಡಿದಾಗ ನಮ್ಮ ಅತ್ತೆ ಗೊಲ್ಲಾಳಮ್ಮನವರು ಏಕೆ ಕಳಿಸಲಿಲ್ಲ ಅಂದುಕೊಂಡಿರಿ? ಸೊಸೆ ಹೋದರೆ ಪೈಪು ಹಚ್ಚುವವರು ಯಾರು ಎಂದು. ಪಂಚಮಿಗೂ ಅದೇ ಮಾತು ಬಂದಾಗ ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟೆ ಅಪ್ಪಾಜಿ. ಮದುವೆಯಾದ ಮೊದಲ ಪಂಚಮಿ! ಅತ್ತೆ ಕೆಟ್ಟವರಲ್ಲ, ನನಗೆ ಬಿಸಿ ರೊಟ್ಟಿ ಬಡಿಸಿ ತಾವು ಆರಿದ್ದು ತಿನ್ನುತ್ತಾರೆ. ನಾನು ಅತ್ತಿದ್ದು ನೋಡಿ ಒಂದು ಕರಾರು ಹಾಕಿದರು: “ಹದಿನೈದು ದಿನ ನನ್ನ ಪಡಸಾಲಿ ಒಣಗಿರಬೇಕು. ಒಂದು ಸಲ ತೊಯ್ತಂದ್ರ ಪಂಚಮಿ ಮಾತು ಎತ್ತಬಾರದು.”

ಹಾಗಾಗಿ ಮೆತ್ತನೆಯದನ್ನು ಕಿತ್ತು ಗಟ್ಟಿ ಪಿವಿಸಿ ಪೈಪು ಹಾಕುವುದೆಂದು ನಿರ್ಧರಿಸಿದೆ. ಮದುವೆ ಕಾರ್ಡಿನ ಬೆನ್ನಿಗೆ ನಕ್ಷೆ ಬರೆದೆ. ಹೊಲಗಳಿಗೆ ಪೈಪು ಕೂಡಿಸುವ ಇಸ್ಮಾಯಿಲಸಾಬರನ್ನು ಕರೆಸಿದೆವು. ಅವರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಬೇಟಿ, ಇದು ಮೀನಿಗೋ, ಭೀಮಾ ಹೊಳಿ ನೀರು ಹೊಲಕ್ಕ ಎತ್ತಾಕೋ?” ಎಂದರು. ನಿಮ್ಮ ಅಳಿಯನಿಗೆ ನಗು ತಡೆಯಲಾಗಲಿಲ್ಲ, ನಕ್ಕಿದ್ದಕ್ಕೆ ಅವತ್ತು ನಿಮ್ಮ ಅಳಿಯನಿಗೆ ಎರಡನೇ ಸಲ ಚಹಾ ಸಿಗಲಿಲ್ಲ. ಪೆಟ್ಟಿಗೆ ತೊಳೆಯಲು ಹೊರಗೆ ತೆಗೆಯಬೇಕಲ್ಲ, ಎಲ್ಲವನ್ನೂ ಅಂಟಿಸಿಬಿಟ್ಟರೆ ಹೇಗೆ ಎಂದು ನಾನೇ ಎರಡು ಕಡೆ ಕೈಯಿಂದ ತಿರುಗಿಸಿ ಬಿಚ್ಚುವ ಯೂನಿಯನ್ ಹಾಕಿಸಿದೆ. ಕರೆಂಟ್ ಹೋದಾಗ ತೊಟ್ಟಿಯ ನೀರು ಹಿಂದಕ್ಕೆ ಇಳಿಯದಂತೆ ನೀರೆತ್ತುವ ಪೈಪಿನ ಮೇಲ್ತುದಿಯಲ್ಲಿ ಗಾಳಿ ಹೋಗಲು ಸಣ್ಣ ತೂತು ಕೊರೆಸಿದೆ. ಕೆಳಗಿಳಿಯುವ ಪೈಪಿಗೆ ಒಂದು ವಾಲ್ವ್, ಕೆಂಪು ಹಿಡಿಕೆಯದು. ಇಸ್ಮಾಯಿಲಸಾಬರು ಕೊನೆಗೆ ಹೇಳಿದ್ದು ಕೇಳಿ: “ಅಪ್ಪನ ಮಗಳು ಖರೆ ಅದೀ.” ನೀವು ಪಕ್ಕದಲ್ಲಿರಬೇಕಿತ್ತು.

ಒಂಬತ್ತು ದಿನ ಪಡಸಾಲೆ ಒಣಗಿತ್ತು, ನಾನು ಒಂದೊಂದು ದಿನವನ್ನೂ ಕ್ಯಾಲೆಂಡರಿನಲ್ಲಿ ಹೊಡೆದುಹಾಕುತ್ತಿದ್ದೆ. ಹತ್ತನೆಯ ದಿನ, ಬುಧವಾರ, ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಕೆಳಗಿನಿಂದ ಅತ್ತೆ ಕೂಗಿದರು. ಓಡಿ ಬಂದರೆ ಪಡಸಾಲೆಯಲ್ಲಿ ನೀರೋ ನೀರು. ಪಂಚಮಿ ಹೋಯಿತು ಎಂದುಕೊಂಡೆ. ಆದರೆ ಪೈಪೆಲ್ಲ ಇದ್ದಲ್ಲೇ ಇತ್ತು, ವಾಲ್ವ್ ಮುಚ್ಚಿತ್ತು. ಇಲ್ಲಿ ನಳಕ್ಕೆ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ ಅಪ್ಪಾಜಿ. ತೆರೆದ ವಾಲ್ವ್ ಎಲ್ಲಿ ಕಂಡರೂ ಅತ್ತೆಯ ಕೈ ತಾನಾಗಿ ಹೋಗಿ ಮುಚ್ಚುತ್ತದೆ. ದೇವಸ್ಥಾನದಲ್ಲೂ ಬೇರೆಯವರು ಬಿಟ್ಟ ನಳ ಮುಚ್ಚಿ ಬರುವವರು. ಇಳಿಯುವ ದಾರಿ ಮುಚ್ಚಿತು, ಮೋಟರು ಮಾತ್ರ ನೀರು ಎತ್ತುತ್ತಲೇ ಇತ್ತು, ತೊಟ್ಟಿ ತುಂಬಿ ಉಕ್ಕಿತು. ಅದರೊಂದಿಗೆ ದೊಡ್ಡ ಕೆಂಪು ಮೀನೂ ಹೊರಗೆ ಬಂದು ನೆಲಕ್ಕೆ ಬಿತ್ತು. ಅರವತ್ತೆರಡು ವರ್ಷದಲ್ಲಿ ಮೀನು ಮಾರುವ ಓಣಿಯನ್ನೂ ತುಳಿಯದ ನಮ್ಮ ಅತ್ತೆ ಅದನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು, ಕೈಗೆ ಸಿಕ್ಕ ಪಾತ್ರೆಗೆ ಹಾಕಿದ್ದರು. ಸಿಕ್ಕಿದ್ದು ಅವರ ಲಿಂಗಪೂಜೆಯ ತಾಮ್ರದ ತಂಬಿಗೆ. ಮೀನು ಅದರೊಳಗೆ ದುಂಡಗೆ ತಿರುಗುತ್ತಿತ್ತು, ಅತ್ತೆ ತಂಬಿಗೆಯನ್ನು ಆದಷ್ಟು ದೂರ ಚಾಚಿ ಹಿಡಿದು ಗೋಡೆ ನೋಡುತ್ತಿದ್ದರು.

ಮೀನನ್ನು ತೊಟ್ಟಿಗೆ ಬಿಟ್ಟೆ, ಬದುಕಿತು. ಇಬ್ಬರೂ ಸೇರಿ ನೆಲ ಒರೆಸಿದೆವು. ಒರೆಸಿ ಮುಗಿದ ಮೇಲೆ ಅತ್ತೆ ಬಟ್ಟೆ ಹಿಂಡುತ್ತ, ನನ್ನ ಮುಖ ನೋಡದೆ ಹೇಳಿದರು: “ವಾಲ್ ಮುಚ್ಚಿದ್ದು ನಿನ್ನ ಗಂಡಗ ಬೇಕಾರ ಹೇಳು. ತಂಬಿಗಿ ಮಾತು ಮಾತ್ರ ಓಣ್ಯಾಗ ಯಾರ ಮುಂದೂ ಆಡಬ್ಯಾಡ. ಪಂಚಮಿಗಿ ಹೋಗಿ ಬಾ, ಹೋಗು.”

ವಾಲ್ವಿನ ಕೆಂಪು ಹಿಡಿಕೆಯನ್ನು ಆವತ್ತೇ ಬಿಚ್ಚಿ ನಿಮ್ಮ ಅಳಿಯನ ಕೈಗೆ ಕೊಟ್ಟಿದ್ದೇನೆ. ಅವ್ವನಿಗೆ ಹೇಳಿ, ಶೇಂಗಾ ಉಂಡಿ ಜಾಸ್ತಿ ಕಟ್ಟಲಿ, ಜೋಕಾಲಿಗೆ ಹೊಸ ಹಗ್ಗ ತರಿಸಲಿ. ನಿಮ್ಮಿಬ್ಬರ ಪಾದಕ್ಕೆ ಶರಣು.

ನಿಮ್ಮ ಮುದ್ದಿನ ಮಗಳು
ಶಿವರಂಜನಿ

ಮರೆತಿದ್ದೆ: ಈ ಪತ್ರ ಓದಿದ ಕೂಡಲೇ ಎಲ್ಲಾದರೂ ಬಚ್ಚಿಡಿ. ನಿಮ್ಮ ರಾಯಚೂರು ನಮ್ಮ ಓಣಿಯಲ್ಲವಲ್ಲ ಎಂದು ಬರೆದುಬಿಟ್ಟೆ, ಆದರೆ ಈಗ ನೋಡಿದರೆ ಅತ್ತೆ ತಾವೇ ನನ್ನನ್ನು ಬಿಡಲು ಬರುತ್ತೇನೆಂದು ಸೀರೆ ಮಡಚಿಡುತ್ತಿದ್ದಾರೆ, ನನ್ನ ಬಾಯಿಯ ಮೇಲೆ ಅವರಿಗೆ ಅಷ್ಟು ಭರವಸೆ. ಅವರೆದುರು ಮೀನು, ತಂಬಿಗೆ ಎರಡೂ ಮಾತು ಬೇಡ, ಅವ್ವ ನಗಲೂ ಬಾರದು. ಶನಿವಾರ ಇಪ್ಪತ್ತಾರಕ್ಕೆ ಯಾದಗಿರಿಯಿಂದ ಉದ್ಯಾನ ಎಕ್ಸ್‌ಪ್ರೆಸ್ ಹತ್ತುತ್ತೇವೆ, ಇಬ್ಬರೂ.