ಗೂಬೆ ನೋಡಲು ಒಬ್ಬಳೇ ಹೋಗಬೇಡ

ಮಾರ್ಲೆನಿ ಅಕ್ಕಾ,

ನಾನು ಲಾಡ್ಜಿನ ಅಡುಗೆಮನೆಗೆ ಹೊರಟೆ. ಬಾಳೆಕಾಯಿ ಉಂಡೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ನಿನ್ನ ಬೂಟು ಇನ್ನೂ ಒಣಗಿಲ್ಲ, ನನ್ನದು ಹಾಕಿಕೋ.

ನೀನು ಗೈಡ್ ಆಗಲು ಹಕ್ಕಿಗಳ ಇಂಗ್ಲಿಷ್ ಹೆಸರು ಕಲಿತರೆ ಸಾಕು. ಹಕ್ಕಿ ನೋಡಲು ಬಂದಿರುವ ಆ ಕ್ಲೈವ್ ನಿನ್ನೆ ಟೂಕನ್, ಹಮ್ಮಿಂಗ್‌ಬರ್ಡ್ ಹೇಳಿಕೊಟ್ಟು, ಅದರ ಬೆನ್ನಿಗೇ ಡಾರ್ಲಿಂಗ್, ಸ್ವೀಟ್‌ಹಾರ್ಟ್ ಯಾಕೆ ಹೇಳಿಕೊಟ್ಟ? ಕೇಳಿದರೆ ನೀನು ನಕ್ಕೆ: "ಅಯ್ಯೋ ಪೆದ್ದೀ, ಕೀಟೋ ಪಟ್ಟಣದ ಸಂತೇಲಿ ಕಿತ್ತಳೆ ಮಾರೋಳು ಎಲ್ರನ್ನೂ ನನ್ ಜೀವಾ, ನನ್ ರಾಣಿ ಅನ್ನಲ್ವೇನೆ? ಇದೂ ಹಾಗೇ ಕಣೆ."

ತಟ್ಟೆ ತೊಳೆಯುತ್ತಾ ನಾನು ಗಮನಿಸಿದ್ದೇನೆ. ಅವನು ಬೇರೆ ಯಾರನ್ನೂ ಹಾಗೆ ಕರೆಯುವುದಿಲ್ಲ. ನನಗಂತೂ "ಕಾಫಿ" ಎಂದಷ್ಟೇ ಹೇಳುತ್ತಾನೆ.

ಗೂಬೆ ತೋರಿಸುತ್ತೇನೆ, ಇವತ್ತು ಮೇಲಿನ ಕಣಿವೆಗೆ ಒಬ್ಬಳೇ ಬಾ ಎಂದದ್ದೂ ಕೇಳಿಸಿತು. ನಮ್ಮ ಕಾಡಿನ ಗೂಬೆಯನ್ನು ಅವನು ನಿನಗೆ ತೋರಿಸಬೇಕೇ? ಸೆಗುಂಡೋ ಮಾವನಿಗೆ ಹೇಳಿದ್ದೇನೆ, ಗೇಟಿನ ಬಳಿ ಕಾಯುತ್ತಾರೆ, ಜೊತೆಗೆ ಬರುತ್ತಾರೆ. ಬೈಯುವುದಿದ್ದರೆ ಸಂಜೆ ನನ್ನನ್ನು ಬೈ.

ಪ್ರವಾಸಿಗರು ಬಂದಾಗ ಮಾವ ಎರೆಹುಳು ಹಿಡಿದುಕೊಂಡು, "ಬಾರೇ ಚಿನ್ನ, ಬಾರೇ ಬಂಗಾರ" ಎಂದು ಪೊದೆಯೊಳಗಿನ ನಾಚಿಕೆ ಹಕ್ಕಿಯನ್ನು ಕರೆಯುವುದನ್ನು ನೀನೂ ನೋಡಿದ್ದೀಯ. ಹಕ್ಕಿ ಹೊರಗೆ ಬಂದೊಡನೆ ಆ ಮುದ್ದುಮಾತು ನಿಂತುಹೋಗುತ್ತದೆ, ಅಕ್ಕಾ.

ಡಿಗ್ನಾ